ಗೌರಿಹೂವಿನ ಚೀಟಿ

ಕೆಲವರಿಗೆ ಊರು ಮುಳುಗುವಂಥ ಸಂಗತಿಗೆ ಸಿಟ್ಟು ಬರುತ್ತದೆ. ನನಗೆ ಅಂಗೈಯಗಲದ ಚೀಟಿಗೂ ಬರುತ್ತದೆ, ಬಂದರೆ ಬೇಗ ಇಳಿಯುವುದಿಲ್ಲ. ಮದುವೆಯ ಆಲ್ಬಮ್ಮಿನಲ್ಲಿ ತಾರೀಖು ತಪ್ಪು ಬರೆದಳೆಂದು ಹೆಂಡತಿಯ ಜೊತೆ ಎರಡು ದಿನ ಮಾತು ಬಿಟ್ಟವನು ನಾನು. ಆಮೇಲೆ ನೋಡಿದರೆ ಅವಳು ಬರೆದದ್ದೇ ಸರಿಯಿತ್ತು.

ಸಿಂಧನೂರಿನ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರದ ಮೇಷ್ಟ್ರು. ನಮ್ಮ ಹರ್ಬೇರಿಯಂ ಎಂದರೆ ಒಂದು ಕಬ್ಬಿಣದ ಬೀರು, ಅದರೊಳಗೆ ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳು. ಪ್ರತಿ ಹಾಳೆಯ ಮೂಲೆಯಲ್ಲೊಂದು ಚೀಟಿ: ಯಾವ ಗಿಡ, ಎಲ್ಲಿ ಸಿಕ್ಕಿತು, ಯಾವಾಗ, ತಂದವರು ಯಾರು. ಚೀಟಿ ಇಲ್ಲದಿದ್ದರೆ ಅದು ಬರೀ ಒಣ ಕಸ. ನನ್ನ ಜೀವ ಇದ್ದದ್ದು ಗೌರಿಹೂವಿನ ಹಾಳೆಯಲ್ಲಿ. ಮಸ್ಕಿಯ ಆಚೆ, ಗುಡ್ಡದ ಕುರುಚಲು ಕಾಡಿನಲ್ಲಿ ಪೊದೆ ಹಿಡಿದು ಹತ್ತುತ್ತಿದ್ದ ಬಳ್ಳಿ ಅದು. ಆ ಪೊದೆಗಳನ್ನು ಹೋದ ವರ್ಷ ರಸ್ತೆಗೆಂದು ಕಿತ್ತುಹಾಕಿದರು. ಅಲ್ಲಿ ಆ ಹೂವಿತ್ತು ಎನ್ನಲು ನಮ್ಮಲ್ಲಿ ಉಳಿದ ಸಾಕ್ಷಿ ಆ ಚೀಟಿಯೊಂದೇ.

ಮೊನ್ನೆ ತಪಾಸಣೆಯ ಕಮಿಟಿ ಬರುತ್ತದೆಂದು ಬೀರು ತೆರೆದೆ. ಎಲ್ಲ ಹಾಳೆಗೂ ಬೆಳ್ಳಗಿನ ಹೊಸ ಚೀಟಿ. ಲಿಂಗಸುಗೂರಿನ ಬಂಡೆಯ ಗಿಡಕ್ಕೂ ಸಿಂಧನೂರು, ಮಸ್ಕಿಯ ಗೌರಿಹೂವಿಗೂ ಸಿಂಧನೂರು! ತಾರೀಖೂ ಎಲ್ಲಕ್ಕೂ ಒಂದೇ. ಸಿಂಧನೂರಿನ ಕಾಲುವೆ ನೀರಿನ ಭತ್ತದ ಗದ್ದೆಯಲ್ಲಿ ಗುಡ್ಡದ ಗೌರಿಹೂವು! ಮೈ ಉರಿದುಹೋಯಿತು. ಅಟೆಂಡರ್ ಯಮನೂರಪ್ಪನನ್ನು ಕೂಗಿದೆ.

"ಹಳೇವು ಹೊಲಸಾಗಿದ್ವು ಸರ. ದೊಡ್ಡ ಮಂದಿ ಬರಾಕತ್ತಾರ, ಎಲ್ಲಾ ಒಂದೇ ನಮೂನಿ ಇರ್ಲಿ ಅಂತ ನಾನೇ ಕುಂತು ಬರದು ಹಚ್ಚೀನ್ರಿ," ಎಂದ, ಶಭಾಶ್ ಸಿಗುತ್ತದೆ ಎಂಬ ಮುಖದಲ್ಲಿ.

"ಹಳೇ ಚೀಟಿ ಎಲ್ಲಿ?"

"ಕಸದ ಜೋಡಿ ಸುಟ್ಟುಬಿಟ್ಟೆರಿ."

"ಅಕಲ್ ಐತೇನ್ ನಿನಗ? ಆ ಹೂವು ಎಲ್ಲಿತ್ತು, ಯಾವಾಗ ಇತ್ತು ಅಂತ ಇನ್ನ ಯಾರು ಹೇಳ್ತಾರ?" ಎಂದು ಮೇಜು ಗುದ್ದಿದೆ. ಬೆರಳು ನೊಂದು ಸಿಟ್ಟು ಇನ್ನೂ ಹೆಚ್ಚಾಯಿತು.

"ನಾ ಹೇಳ್ತೀನಲ್ರಿ," ಎಂದ ತಣ್ಣಗೆ. "ನನ್ನ ಸಣ್ಣ ಮಗಳು ಹುಟ್ಟಿದ ವರ್ಷ, ಕಡೀ ಶ್ರಾವಣ ಸೋಮವಾರ. ನಾ ಉಪಾಸ ಇದ್ದೆ. ಗುಡ್ಡದ ಹಿಂದ, ಒಡದ ಕಲ್ಲಿನ ಬಾಜೂಕ, ಕಾರಿ ಮುಳ್ಳಿನ ಗಿಡದಾಗ ಹಬ್ಬಿತ್ತು. ಕೀಳೂಮುಂದ ಕೈತುಂಬ ರಕ್ತ ಬಂದಿತ್ತು."

ಒಂದೂ ಬಿಡದೆ ಬರೆದುಕೊಂಡೆ. ಸಾಕ್ಷಿ ಉಳಿಯಿತು ಎಂದು ಉಸಿರು ಬಿಡುವಾಗ ಒಂದು ಅನುಮಾನ ಬಂತು.

"ಅವತ್ತು ನಾ ಎಲ್ಲಿದ್ದೆ?"

"ಕೆಳಗ ಹೋಟೆಲಿನಾಗ ಸರ. ಒಗ್ಗರಣಿ-ಮಿರ್ಚಿ ತಿನ್ನಾಕತ್ತಿದ್ರಿ."

ಹೊಸ ಚೀಟಿಯ ಕೊನೆಯ ಸಾಲು ನೋಡಿದೆ. ತಂದವರು: ನನ್ನ ಹೆಸರು, ಪದವಿ ಸಮೇತ. ಸ್ಥಳ, ತಾರೀಖು ಎರಡನ್ನೂ ಕೆಡಿಸಿದವನು ಆ ಸಾಲನ್ನು ಮಾತ್ರ ನನ್ನ ಹಳೆಯ ಚೀಟಿ ನೋಡಿ ಅಕ್ಷರ ತಪ್ಪದೆ ನಕಲು ಮಾಡಿದ್ದ. ಅದನ್ನು ಹೊಡೆದುಹಾಕಿ ಅವನ ಹೆಸರು ಬರೆಯುವಾಗಲೂ ನನಗೆ ಸಿಟ್ಟು ಬರುತ್ತಿದ್ದದ್ದು ಅವನ ಮೇಲೆಯೇ.