ಸೋಮಶೇಖರಪ್ಪನ ಹೆಬ್ಬೆಟ್ಟು

ಬುಕ್ಕಾಂಬುಧಿಯ ಸೋಮಶೇಖರಪ್ಪನಿಗೆ ಸಂಶಯ ಹುಟ್ಟುಗುಣ. ತೆಂಗಿನಕಾಯಿ ಕೊಂಡರೂ ಒಳಗೆ ಅಲ್ಲಾಡುವುದು ನೀರೇ ತಾನೇ ಎಂದು ಎರಡು ಸಲ ಕೇಳುವ ಪೈಕಿ. ಅಂಥವನ ಊರಿಗೆ ಬ್ಯಾಂಕಿನವರು ಬಂದು, ಮೋಸಗಾರರು ಹೆಬ್ಬೆಟ್ಟಿನ ಗುರುತು ಕದ್ದು ಖಾತೆ ಬರಿದು ಮಾಡುತ್ತಾರೆ ಎಂದುಬಿಟ್ಟರು. ಅಂದಿನಿಂದ ಹೆಬ್ಬೆಟ್ಟಿಗೆ, ತೆನೆ ಬಂದ ಹೊಲಕ್ಕಿರುವಷ್ಟು ಕಾವಲು.

ಆದರೆ ಇವತ್ತು ದುಡ್ಡು ತೆಗೆಯಲೇಬೇಕು. ಹೆಂಡತಿ ಮಲ್ಲಿಕಾಂಬಳ ಹಲ್ಲಿನ ಸೆಟ್ಟು ತರೀಕೆರೆಯ ಡಾಕ್ಟರ ಬಳಿ ತಯಾರಾಗಿ ಕೂತಿತ್ತು. ನಾಳೆ ಅವಳ ತವರಲ್ಲಿ ಗೃಹಪ್ರವೇಶ.

"ಹೋಳಿಗೇನ ಹೆಂಗೋ ನುಂಗ್ತೀನಿ. ಅತ್ತಿಗೆ ಮುಂದೆ ನಗೋದು ಹೆಂಗೆ? ಹಲ್ಲಿಲ್ದೆ ಮನೆಗೆ ಬರ್ಬ್ಯಾಡಿ!"

ಬಸ್ಸಿನಲ್ಲಿ ಯಾರಾದರೂ ಕದ್ದಾರೆಂದು ಪಾಸ್‌ಬುಕ್ಕನ್ನು ಮನೆಯ ರಾಗಿ ಡಬ್ಬದಲ್ಲೇ ಹೂತಿಟ್ಟು, ಆಧಾರ್ ಕಾರ್ಡನ್ನು ಬನಿಯನ್ನಿನೊಳಗೆ ಇಳಿಸಿ, ಅವನು ಅಜ್ಜಂಪುರದ ಬಸ್ಸು ಹತ್ತಿದ. ಜೊತೆಗೆ ಪಕ್ಕದ ಮನೆಯ ಭೈರೇಶನೂ ಹತ್ತಿದ.

"ಸೋಮಣ್ಣ, ಕಂಬಿ ಹಿಡ್ಕಂಡ್ಯಲ್ಲಣ್ಣ! ಗುರುತು ಬಿತ್ತು!"

ಸೋಮಶೇಖರಪ್ಪ ಟವೆಲ್ಲಿನಿಂದ ಕಂಬಿ ತಿಕ್ಕತೊಡಗಿದ. "ಏನ್ ಯಜಮಾನ್ರೇ, ಬಸ್ ತೊಳ್ಯೋ ಗುತ್ತಿಗೆ ನಿಮ್ಗೇ ಸಿಕ್ತಾ?" ಎಂದ ಕಂಡಕ್ಟರು.

ಇಳಿದು ಟೀ ಕುಡಿದು ಹೊರಟರೆ ಮತ್ತೆ ಭೈರೇಶ, "ಅಣ್ಣಾ, ಲೋಟ ಅಲ್ಲೇ ಬಿಟ್ಟಲ್ಲ!" ಓಡಿಹೋಗಿ ಲೋಟಕ್ಕೆ ಕೈ ಹಾಕಿದವನನ್ನು ಹೋಟೆಲಿನ ಲಿಂಗಮ್ಮ ಸೌಟು ಹಿಡಿದು ಅಟ್ಟಿಸಿಕೊಂಡು ಬಂದಳು. ಇನ್ನು ಈ ರಗಳೆಯೇ ಬೇಡವೆಂದು ಔಷಧಿ ಅಂಗಡಿಯಲ್ಲಿ ಪಟ್ಟಿ ಕೊಂಡು ಹೆಬ್ಬೆಟ್ಟಿಗೆ ಬಿಗಿಯಾಗಿ ಸುತ್ತಿಸಿಕೊಂಡ.

ಹೆಬ್ಬೆಟ್ಟು ಒತ್ತಿಸಿಕೊಂಡು ಖಾತೆಯ ದುಡ್ಡು ಕೊಡುವ ಸೇವಾ ಕೇಂದ್ರದ ಸಾಲು ಕರಗುವಷ್ಟರಲ್ಲಿ ಮಧ್ಯಾಹ್ನ. ಅಲ್ಲಿಗೆ ಹೊಸದಾಗಿ ಬಂದಿದ್ದ ಪ್ರಜ್ಞಾ ಪಟ್ಟಿ ಬಿಚ್ಚಿಸಿದರೆ, ಬೆವೆತ ಹೆಬ್ಬೆಟ್ಟು ನೆನೆಹಾಕಿದ ಅವರೆಕಾಳಿನಂತೆ ಸುಕ್ಕಾಗಿತ್ತು. ಯಂತ್ರ ಮತ್ತೆ ಮತ್ತೆ ಒಲ್ಲೆನೆಂದಿತು. ಆಧಾರ್ ಕಾರ್ಡಿನ ಫೋಟೊ ಮನುಷ್ಯಮಾತ್ರರಾದ ಯಾರನ್ನೂ ಹೋಲುತ್ತಿರಲಿಲ್ಲ.

"ಹುಟ್ಟಿದ ತಾರೀಕು ಹೇಳಿ."

"ಯಾತಕ್ಕೆ? ಹೇಳಲ್ಲ."

"ತಾಯಿ ಹೆಸರು?"

"ಪಾಪ, ಅವ್ಳು ಸತ್ತು ಸ್ವರ್ಗದಲ್ಲವಳೆ. ಅವ್ಳನ್ಯಾಕವ್ವಾ ಇದ್ರೊಳಗೆ ಎಳೀತೀಯಾ?"

ಪ್ರಜ್ಞಾಳ ಹುಬ್ಬು ಮೇಲೇರಿತು. "ಇವರ ಗುರುತಿರೋರು ಯಾರಾದ್ರೂ ಇದೀರಾ?"

ಸೋಮಶೇಖರಪ್ಪ ಭೈರೇಶನತ್ತ ದೇವರನ್ನು ನೋಡುವಂತೆ ನೋಡಿದ. ಭೈರೇಶ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಒಂದು ಹೆಜ್ಜೆ ಹಿಂದೆ ಸರಿದ.

"ನೋಡಕ್ಕೇನೋ ನಮ್ಮ ಸೋಮಣ್ಣನ ಥರಾನೇ ಅವ್ನೆ ಮೇಡಂ. ಆದ್ರೆ ಈ ಕಾಲದಲ್ಲಿ ಯಾರನ್ನಂತ ನಂಬೋದು? ನಾನು ಹೊಣೆ ಅಲ್ಲಪ್ಪಾ."

ಪ್ರಜ್ಞಾ ತಡಮಾಡಲಿಲ್ಲ. ಬ್ಯಾಂಕಿಗೆ ಫೋನು ಮಾಡಿ ಖಾತೆಗೆ ತಡೆ ಹಾಕಿಸಿದಳು. ಆಮೇಲೆ ಸೋಮಶೇಖರಪ್ಪನಿಗೇ ಹೇಳಿದಳು: "ನೀವ್ಯಾರೋ ನಂಗೊತ್ತಿಲ್ಲ. ಆ ಸೋಮಶೇಖರಪ್ಪನವರು ಸಿಕ್ಕಿದ್ರೆ ಹೇಳಿ, ಅವರ ದುಡ್ಡು ಭದ್ರವಾಗಿದೆ. ಯಾರಪ್ಪನ ಕೈಲೂ ಮುಟ್ಟಕ್ಕಾಗಲ್ಲ."

ಅದನ್ನು ಕೇಳಿ ಸೋಮಶೇಖರಪ್ಪನಿಗೆ ಸಮಾಧಾನವೇ ಆಯಿತು. ಅಳು ಬಂದದ್ದು ಆಮೇಲೆ, ಬಸ್‌ಸ್ಟ್ಯಾಂಡಿನಲ್ಲಿ, ತರೀಕೆರೆಯ ಬಸ್ಸು ಅವನನ್ನು ಬಿಟ್ಟು ಹೊರಟಾಗ.