ಷಡ್ಡಕನಿಗೊಂದು ದಪ್ಪ ಪೆನ್ನು

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಮೊದಲು ಚಳಿ ಹೋಗಲಿ ಎಂದುಕೊಂಡೆ. ಘಾಜಿಯಾಬಾದಿನ ಚಳಿಯಲ್ಲಿ ಎರಡು ಸ್ವೆಟರ್ ತೊಟ್ಟು ಕೂತವನಿಗೆ ಪಶ್ಚಾತ್ತಾಪ ಪಡುವುದು ಕಷ್ಟ. ಗಮನವೆಲ್ಲ ಹೀಟರಿನ ಮೇಲೆಯೇ ಇರುತ್ತದೆ. ಚಳಿ ಹೋದ ಮೇಲೆ ಬಿಸಿಲು ಬಂತು, ಬಿಸಿಲಿನ ಜೊತೆಗೆ ಕರೆಂಟು ಹೋಯಿತು. ಹೀಗೆ ಹವಾಮಾನದ ಮೇಲೆ ಹೊರೆ ಹಾಕಿ ದಿನ ತಳ್ಳಿದೆ. ನಿಜ ಏನೆಂದರೆ, ನಾಚಿಕೆ. ದೊಡ್ಡ ತಪ್ಪು ಮಾಡಿದವನಿಗೆ ಹೇಳಿಕೊಳ್ಳಲು ಒಂದು ಗಾಂಭೀರ್ಯವಾದರೂ ಇರುತ್ತದೆ. ನನ್ನ ತಪ್ಪಿನ ನಡುಮಧ್ಯೆ ಇರುವುದು ಒಂದು ಪೆನ್ನು, ಅದೂ ದಪ್ಪ ಪೆನ್ನು. ಅದರ ಪಕ್ಕದಲ್ಲಿ ಒಬ್ಬ ಷಡ್ಡಕ. ಇಂಥದ್ದನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು?

ನಾನು ಹತ್ತನೇ ತರಗತಿ ಪಾಸಾದವನು. ತಿಪಟೂರಿನ ಕಡೆಯಿಂದ ದೆಹಲಿಗೆ ಬಂದು, ಸರ್ಕಾರಿ ಕಚೇರಿಯೊಂದರಲ್ಲಿ ಟಪಾಲು ರವಾನಿಸುವ ಗುಮಾಸ್ತನಾಗಿ, ಲಕೋಟೆಗಳ ಮೇಲೆ ವಿಳಾಸ ಬರೆಯುತ್ತಲೇ ತಲೆ ನರೆಸಿಕೊಂಡೆ. ಓದು ಕಡಿಮೆಯಾದರೂ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. ನಾನೇ ಹೇಳಿಕೊಳ್ಳಬಾರದು, ಆದರೆ ಹೇಳುವವರೆಲ್ಲ ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದಾರೆ. ಎರಡೆರಡು ಡಿಗ್ರಿಯ ಸಾಹೇಬರು ಕೋಳಿ ಕೆದರಿದ ಹಾಗೆ ಸಹಿ ಹಾಕಿದ ಕಾಗದವನ್ನು ನಾನು ಮುತ್ತಿನಂಥ ವಿಳಾಸ ಬರೆದ ಲಕೋಟೆಯೊಳಗೆ ತೂರಿಸುವಾಗ ಒಳಗೊಳಗೇ ಒಂದು ಸೊಕ್ಕು ಬೆಳೆಯುತ್ತಿತ್ತು. ನಿವೃತ್ತಿಯಾದ ಮೇಲೆ ಅದು ನಮ್ಮ ಕನ್ನಡ ಸಂಘಕ್ಕೆ ವರ್ಗವಾಯಿತು. ಯಮುನೆಯ ಈಚೆಗಿರುವ ನಾವೊಂದಿಷ್ಟು ಕುಟುಂಬಗಳು ಭಾನುವಾರಗಳಲ್ಲಿ ಸೇರಿ ಉಪ್ಪಿಟ್ಟು ತಿನ್ನುವುದಕ್ಕೆ ಸಂಘ ಎಂದು ಹೆಸರು. ಮಕ್ಕಳ ಬಹುಮಾನ ಪತ್ರಗಳ ಮೇಲೆ ಕನ್ನಡದಲ್ಲಿ ಹೆಸರು ಬರೆಯುವ ಕೆಲಸ ನನ್ನದು. ತೆಳ್ಳನೆಯ ಪೆನ್ನು, ಸೂಜಿಯಂಥ ನಿಬ್ಬು, ಮೂರು ಬೆರಳ ತುದಿಯಲ್ಲಿ ಹಿಡಿದರೆ ಒತ್ತು, ದೀರ್ಘ ಎಲ್ಲವೂ ಹೇಳಿದ ಜಾಗದಲ್ಲಿ ಹೋಗಿ ಕೂರುತ್ತಿದ್ದವು.

ನಮ್ಮ ಸಂಘದಲ್ಲಿ ಕೊಡಗಿನ ಸುಬೇದಾರರೊಬ್ಬರಿದ್ದಾರೆ. ಸೈನ್ಯದಿಂದ ನಿವೃತ್ತರಾಗಿ ನಮ್ಮ ಕಾಲೊನಿಯ ಹಿಂದಿನ ರಸ್ತೆಯಲ್ಲೇ ನೆಲೆಸಿದವರು. ಆಳೆತ್ತರದ ಮನುಷ್ಯ, ಅಂಗೈ ಎಂದರೆ ಊಟದ ತಟ್ಟೆ. ರಾಜ್ಯೋತ್ಸವಕ್ಕೆ ಮಕ್ಕಳಿಗೆ ಕವಾಯತು ಕಲಿಸುವವರು ಅವರೇ. ನನ್ನ ಮಾವ ತೀರಿಕೊಂಡ ಸುದ್ದಿ ಬಂದಾಗ ನಮ್ಮನ್ನು ರೈಲು ಹತ್ತಿಸಲು ಬಂದು, ಕಿಟಕಿಯ ಹೊರಗೆ ನಿಂತು ನನ್ನ ಹೆಂಡತಿ ಸರೋಜಳಿಗೆ, "ಒಬ್ಬಳೇ ಮಗಳು ನಾನು ಅಂತ ಅಳಬೇಡ ತಂಗಿ, ಇಲ್ಲೊಬ್ಬ ಅಣ್ಣ ಇದ್ದಾನೆ" ಎಂದವರು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳದೆ ಕೆಟ್ಟೆ.

ಒಂದು ಭಾನುವಾರ ಅವರು ಅಂಗಿಯ ಜೇಬಿನಿಂದ ಒಂದು ಪೆನ್ನು ತೆಗೆದರು. ಅಂಥ ಪೆನ್ನನ್ನು ನಾನು ಕಂಡಿರಲಿಲ್ಲ. ಗಟ್ಟಿ ರಬ್ಬರನ್ನು ಕಡೆದು ಮಾಡಿದ್ದು, ಕಾಫಿ ಬಣ್ಣದ ಮೈಮೇಲೆ ಕಪ್ಪು ಅಲೆಗಳು, ದಪ್ಪ ಎಂದರೆ ನನ್ನ ಹೆಬ್ಬೆರಳಿಗಿಂತ ದಪ್ಪ. ಅದರ ಕ್ಯಾಪನ್ನು ಅವಸರವಿಲ್ಲದೆ ತಿರುಗಿಸಿ ತೆಗೆದು, ನಿಬ್ಬನ್ನು ತಮ್ಮ ಕಡೆಗೆ ಮಾಡಿಕೊಂಡು ನನ್ನತ್ತ ಚಾಚಿ, "ಬರೆದು ನೋಡಿ ನಂಜುಂಡಯ್ಯನವರೇ. ಇದು ನಿಮ್ಮಂಥವರ ಕೈಯಲ್ಲಿರಬೇಕಾದ ವಸ್ತು" ಎಂದರು. ಬರೆದು ನೋಡಬೇಕೆಂದು ನನ್ನ ಬೆರಳು ತುಡಿದದ್ದು ನಿಜ. ಆದರೆ ಸುತ್ತ ಜನ ಇದ್ದರು. ಎಲ್ಲರೂ ಪೆನ್ನನ್ನು ನೋಡುತ್ತಿದ್ದರು, ನನ್ನ ಅಕ್ಷರವನ್ನು ಯಾರೂ ನೋಡುತ್ತಿರಲಿಲ್ಲ. ನಾನು ಪೆನ್ನನ್ನು ಅಂಗೈ ಕೆಳಗಿಟ್ಟು ಮೇಜಿನ ಮೇಲೆ ಹಿಂದಕ್ಕೂ ಮುಂದಕ್ಕೂ ಉರುಳಿಸಿ, "ಬರೆಯೋದು ಆಮೇಲೆ ನೋಡೋಣ ಸುಬೇದಾರ್ರೇ, ಮೊದಲು ಇದರಲ್ಲಿ ನಾಲ್ಕು ಚಪಾತಿ ಲಟ್ಟಿಸಿಕೊಡಿ" ಎಂದೆ.

ಉಪ್ಪಿಟ್ಟು ಬಾಯಲ್ಲಿದ್ದವರು ಕೆಮ್ಮುವಷ್ಟು ನಕ್ಕರು. ಸುಬೇದಾರರೂ ನಕ್ಕರು. ಅವರು ನಗದೆ ಇದ್ದಿದ್ದರೆ ನನಗೆ ಅಂದೇ ಬುದ್ಧಿ ಬರುತ್ತಿತ್ತೋ ಏನೋ. ಅಂದಿನಿಂದ ಅವರು ಲಟ್ಟಣಿಗೆ ಸುಬೇದಾರರಾದರು. ದೆಹಲಿಯಲ್ಲಿ ಹುಟ್ಟಿದ ಮಕ್ಕಳು ಲಟ್ಟಣಿಗೆಯನ್ನು ಹಿಂದಿಗೆ ತಿರುಗಿಸಿ 'ಬೇಲನ್ ಅಂಕಲ್' ಎಂದು ಕರೆಯತೊಡಗಿದವು. ಕವಿಯ ಸಾಲು ಜನರ ಬಾಯಿಗೆ ಬಿದ್ದ ಹಾಗೆ ನಾನು ಬೀಗಿದೆ. ಆದರೆ ಒಂದನ್ನು ಗಮನಿಸಿದ್ದೆ. ಮುಂದಿನ ಭಾನುವಾರದಿಂದ ಅವರ ಜೇಬಿನಲ್ಲಿ ಆ ಪೆನ್ನಿರಲಿಲ್ಲ, ಕನ್ನಡಕದ ಡಬ್ಬಿ ಇತ್ತು. ಎಲ್ಲೋ ಒಂದು ಕೊಂಬು ತಪ್ಪಿದರೂ ಕಾಣುವ ಕಣ್ಣು ನನ್ನದು, ಅದು ಕಾಣದಿರುತ್ತದೆಯೇ? ಕಂಡೂ ಕಾಣದವನಂತಿದ್ದೆ.

ದೇವರು ಲೆಕ್ಕ ಚುಕ್ತಾ ಮಾಡುವ ರೀತಿಯಲ್ಲಿ ಬಹಳ ಹಾಸ್ಯವಿರುತ್ತದೆ. ಕೆಲವು ವರ್ಷ ಬಿಟ್ಟು ನನ್ನ ಬೆರಳ ಗೆಣ್ಣುಗಳು ಶುಂಠಿಯ ಹಾಗೆ ಊದಿಕೊಂಡವು. ತೆಳ್ಳನೆಯ ಪೆನ್ನು ಹಿಡಿದರೆ ಜಾರುತ್ತದೆ, ಬಿಗಿಯಾಗಿ ಹಿಡಿದರೆ ನೋವು ಮೊಣಕೈಗೆ ಹೋಗುತ್ತದೆ. ಬಹುಮಾನ ಪತ್ರದ ಮೇಲೆ 'ಅನನ್ಯಾ' ಎಂದು ಬರೆದರೆ ಭೂಕಂಪದ ವರದಿಯಂತೆ ಕಾಣುತ್ತದೆ. ಡಾಕ್ಟರು ದಪ್ಪ ಹಿಡಿಯ ಚಮಚ, ದಪ್ಪ ಹಿಡಿಯ ಬ್ರಷ್ಷು ಬಳಸಿ ಎಂದರು. ಪೆನ್ನೂ ದಪ್ಪವಿರಬೇಕೇ ಎಂದು ಕೇಳಿದೆ. ಇದ್ದರೆ ಒಳ್ಳೆಯದೇ ಎಂದರು. ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಸುಬೇದಾರರ ಪೆನ್ನು. ಅದನ್ನು ಸರಿಸಿ, ದೆಹಲಿಯಲ್ಲಿ ಪೆನ್ನಿಗೇನು ಬರವೇ ಎಂದು ಹೊರಟೆ.

ಲಕ್ಷ್ಮೀ ನಗರದಲ್ಲಿ ಕೋಚಿಂಗ್ ಹುಡುಗರಿಗಾಗಿ ಜೆಲ್ ಪೆನ್ನನ್ನು ಕಟ್ಟುಕಟ್ಟಾಗಿ ಮಾರುತ್ತಾರೆ. ದಪ್ಪನೆಯ ಇಂಕ್ ಪೆನ್ ಬೇಕು ಭಯ್ಯಾ ಎಂದರೆ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅದರಲ್ಲಿ ಬರೆದರೆ ಪೇಪರ್ ಮುಗಿಯುವುದಿಲ್ಲ ಅಂಕಲ್‌ಜೀ, ಯಾವ ಪರೀಕ್ಷೆಗೆ ಎಂದು ವಿಚಾರಿಸಿದ. ಮಾಲ್ ಒಂದರಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಖಮಲ್ಲಿನ ಮೇಲೆ ಮಲಗಿದ್ದ ದಪ್ಪ ಪೆನ್ನು ಸಿಕ್ಕಿತು. ಬೆಲೆ ಕೇಳಿದ ಮೇಲೆ ನನಗೂ ಸ್ವಲ್ಪ ಮಲಗಬೇಕೆನಿಸಿತು. ಕೊನೆಗೆ ಫೋನಿನಲ್ಲಿ ಚಿತ್ರ ನೋಡಿ ಅಗ್ಗದ್ದೊಂದನ್ನು ತರಿಸಿದೆ. ಮೈಯೆಲ್ಲ ದಪ್ಪ, ಕ್ಯಾಪು ಇನ್ನೂ ದಪ್ಪ, ಕ್ಯಾಪು ತೆಗೆದರೆ ಬೆರಳಿಟ್ಟು ಹಿಡಿಯುವ ಕತ್ತು ಮಾತ್ರ ಬೆಂಕಿಕಡ್ಡಿ. ಪೆನ್ನಿನ ದಪ್ಪ ಇರಬೇಕಾದ್ದು ಹಿಡಿಯುವ ಜಾಗದಲ್ಲಿ, ನೋಡುವ ಜಾಗದಲ್ಲಿ ಅಲ್ಲ ಎಂಬ ಜ್ಞಾನ ನನಗೆ ಹೀಗೆ ಬಂತು. ಸರೋಜ ಆ ಪೆನ್ನನ್ನು ತಿರುಗಿಸಿ ನೋಡಿ, ಸುಬೇದಾರಣ್ಣನನ್ನು ಒಂದು ಮಾತು ಕೇಳಬಾರದೇ ಎಂದಳು. ಹೆಂಗಸರಿಗೆ ಎಲ್ಲವೂ ಸುಲಭ.

ಕೊನೆಗೆ ಹೋದೆ. ಅವರ ಮನೆಯ ಬಾಗಿಲು ತಟ್ಟುವವರೆಗೂ ನಿಜ ಹೇಳುವುದೆಂದೇ ಇದ್ದೆ. ಅವರು ಕಾಫಿ ಕೊಟ್ಟು ಎದುರಿಗೆ ಕೂತದ್ದೇ ಬಾಯಿ ತನ್ನಷ್ಟಕ್ಕೆ ತಾನೇ, "ನನ್ನ ಷಡ್ಡಕ ಒಬ್ಬರು ಮೈಸೂರಲ್ಲಿದಾರೆ. ಅವರಿಗೆ ಬೆರಳು ನೋವು. ನಿಮ್ಮ ಹತ್ತಿರ ಇದೆಯಲ್ಲ, ಅಂಥ ಪೆನ್ನು ಬೇಕಂತೆ" ಎಂದುಬಿಟ್ಟಿತು.

ಸುಬೇದಾರರು ಲೋಟ ಕೆಳಗಿಟ್ಟರು. ಒಬ್ಬಳೇ ಮಗಳ ಗಂಡನಿಗೆ ಷಡ್ಡಕ ಎಲ್ಲಿಂದ ಬಂದ ಎಂದು ಅವರು ಕೇಳಬಹುದಿತ್ತು. ನನಗೂ ಅದು ಹೊಳೆದದ್ದು ಅವರ ಹುಬ್ಬು ಒಂದಿಷ್ಟು ಮೇಲೇರಿದಾಗಲೇ. ಹುಬ್ಬು ಮೇಲೆಯೇ ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಕೆಳಗಿಳಿಯಿತು.

"ಪಾಪ. ಬೆರಳು ಎಷ್ಟರ ಮಟ್ಟಿಗೆ ಮಡಚಲಿಕ್ಕೆ ಆಗ್ತದೆ ನಿಮ್ಮ ಷಡ್ಡಕರಿಗೆ?"

ನಾನು ನನ್ನ ಬಲಗೈ ಮಡಚಿ ತೋರಿಸಿದೆ. "ಇಷ್ಟು."

"ಹೆಬ್ಬೆರಳು?"

ಅದನ್ನೂ ತೋರಿಸಿದೆ. ಅವರು ಮುಂದಕ್ಕೆ ಬಾಗಿ ನನ್ನ ಗೆಣ್ಣನ್ನು ಮೃದುವಾಗಿ ಒತ್ತಿ, "ಇಲ್ಲಿ ಅವರಿಗೆ ನೋವಾಗ್ತದಾ?" ಎಂದರು. ಅಯ್ಯೋ ಎಂದೆ. "ತುಂಬಾ ಇರಬೇಕು ಅವರಿಗೆ" ಎಂದು ಹೇಳಿ, ಶನಿವಾರ ಹೋಗೋಣ ಎಂದು ನಿಶ್ಚಯಿಸಿದರು.

ಮೆಟ್ರೋದಲ್ಲಿ ಹೋಗಿ, ಹಳೆ ದೆಹಲಿಯ ಒಂದು ಗಲ್ಲಿಯಲ್ಲಿ, ರಿಕ್ಷಾಗಳ ನಡುವೆ ಅಡ್ಡಡ್ಡ ನಡೆದು ಆ ಅಂಗಡಿ ಸೇರಿದೆವು. ಮೂರು ಜನ ನಿಂತರೆ ತುಂಬಿಹೋಗುವ ಅಂಗಡಿ. ನಮ್ಮ ದೇಶದಲ್ಲೇ ಕೈಯಿಂದ ಕಡೆದ ಪೆನ್ನುಗಳು ಟ್ರೇಗಳಲ್ಲಿ ಸಾಲಾಗಿದ್ದವು, ಬೆಲೆ ನನ್ನಂಥವನೂ ಎದೆ ಹಿಡಿದುಕೊಳ್ಳದೆ ಕೇಳುವಂಥದ್ದು. ಸುಬೇದಾರರು ಅಂಗಡಿಯ ಲಾಲಾಜಿಗೆ, ಷಡ್ಡಕನನ್ನು ಹಿಂದಿಗೆ ತಿರುಗಿಸಿ, ಇವರ 'ಸಾಢೂ ಭಾಯಿ'ಗೆ ಬೆರಳು ನೋವು, ದಪ್ಪದ್ದು ತೋರಿಸಿ ಎಂದರು. ಲಾಲಾಜಿ ನನ್ನ ಬೆರಳುಗಳನ್ನು ನೋಡಿ, "ಅಚ್ಛಾ, ಸಾಢೂ ಭಾಯಿ" ಎಂದು ಹೇಳಿ ಬೇರೇನೂ ಕೇಳದೆ ಟ್ರೇ ಎಳೆದರು. ಆ ಅಂಗಡಿಯಲ್ಲಿ ಸುಳ್ಳನ್ನು ನಂಬಿಕೊಂಡಿದ್ದವನು ನಾನೊಬ್ಬನೇ.

ಸುಬೇದಾರರು ಪೆನ್ನು ಆರಿಸುವುದನ್ನು ನೋಡಬೇಕು. ಮೊದಲು ಕ್ಯಾಪು ತೆಗೆದು ಕತ್ತಿನ ದಪ್ಪ ನೋಡುತ್ತಾರೆ. ಆಮೇಲೆ ಎರಡು ಬೆರಳ ನಡುವೆ ಸುಮ್ಮನೆ ಒರಗಿಸಿ, ಹಿಡಿಯದೆಯೇ ಅದು ಕೂರುತ್ತದೆಯೇ ಎಂದು ಕಾಯುತ್ತಾರೆ. ಭಾರ ಹಿಂದಕ್ಕೆ ಎಳೆದರೆ ಪಕ್ಕಕ್ಕೆ. ಮೈ ಜಾರಿದರೆ ಪಕ್ಕಕ್ಕೆ. ಕೊನೆಗೆ ಹಸಿರು ಕಪ್ಪು ಅಲೆಗಳ ಒಂದು ಪೆನ್ನನ್ನು ನನ್ನ ಕೈಗಿತ್ತು, ಷಡ್ಡಕರ ಹೆಸರು ಬರೆದು ನೋಡಿ ಎಂದರು. ಷಡ್ಡಕನಿಗೆ ಹೆಸರಿಡುವುದನ್ನು ನಾನು ಮರೆತೇಬಿಟ್ಟಿದ್ದೆ. ಬೆವರುತ್ತಾ 'ರಾಮಚಂದ್ರ' ಎಂದು ಬರೆದೆ. ಬರೆದವನು ಹಾಗೇ ನಿಂತೆ. ರೇಖೆ ನಡುಗಿರಲಿಲ್ಲ. ಮೊಣಕೈಯಲ್ಲಿ ನೋವಿಲ್ಲ. ಆ ಪೆನ್ನು ಕೈಯಲ್ಲಿ ಇದೆ ಎನ್ನುವುದಕ್ಕಿಂತ ಅದರ ಮೇಲೆ ನನ್ನ ಕೈ ವಿಶ್ರಾಂತಿ ತೆಗೆದುಕೊಳ್ಳುತ್ತಿದೆ ಎನ್ನಬೇಕು. ಬಹಳ ದಿನದ ಮೇಲೆ ನನ್ನ ಅಕ್ಷರ ನನ್ನನ್ನು ಗುರುತು ಹಿಡಿದಂತಾಯಿತು. ಸುಬೇದಾರರು ಕನ್ನಡಕ ಹಾಕಿಕೊಂಡು ಓದಿ, "ರಾಮಚಂದ್ರರಿಗೆ ಇದು ಒಗ್ಗಿತು" ಎಂದರು.

ಶಾಯಿ ತುಂಬುವ ಕ್ರಮವನ್ನೂ ಅವರೇ ಹೇಳಿಕೊಟ್ಟರು. ಈ ಪೆನ್ನಿನ ಒಳಗೆ ಬೇರೆ ಕೊಳವೆ ಇಲ್ಲ, ಡ್ರಾಪರಿನಿಂದ ಹೊಟ್ಟೆಗೇ ಶಾಯಿ ಹಾಕಬೇಕು. ಶಾಯಿ ತಳ ಕಾಣುವ ಮೊದಲೇ ಮತ್ತೆ ತುಂಬಬೇಕು. ಇಲ್ಲದಿದ್ದರೆ ಅಂಗೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಶಾಯಿಯನ್ನು ಹೊರಕ್ಕೆ ದಬ್ಬುತ್ತದೆ. ಇದನ್ನು ರಾಮಚಂದ್ರರಿಗೆ ಮರೆಯದೆ ಹೇಳಿ ಎಂದರು. ಹೇಳಿದ್ದು ರಾಮಚಂದ್ರನಿಗಲ್ಲವೇ ಎಂದೋ ಏನೋ, ನಾನು ಮರೆತೆ. ಮಕ್ಕಳ ಬಹುಮಾನ ಪತ್ರ ಬರೆಯುತ್ತಿದ್ದಾಗ ಪೆನ್ನು ಒಮ್ಮೆ ತೇಗಿ, ಒಬ್ಬ ಹುಡುಗಿಯ ಹೆಸರಿನ ಮೇಲೆ ಜಾಮೂನಿನಷ್ಟು ಶಾಯಿ ಬಿಟ್ಟಿತು. ಆ ಭಾನುವಾರ ನೀಲಿ ಬೆರಳುಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಸಂಘಕ್ಕೆ ಹೋದೆ. ಉಪ್ಪಿಟ್ಟಿನ ತಟ್ಟೆಗೆ ಕೈ ಚಾಚಲೇಬೇಕಾಯಿತು. ಸುಬೇದಾರರು ನೋಡಿದರು.

"ಮೈಸೂರಿಂದ ಫೋನ್ ಬಂದಿತ್ತಾ? ರಾಮಚಂದ್ರರು ಶಾಯಿ ತುಂಬೋದು ಮರೆತಿರಬೇಕು."

ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಸರೋಜ ನಗಲಿಲ್ಲ. "ನಮ್ಮಪ್ಪ ನನಗೆ ಹೇಳದೆ ಇನ್ನೊಬ್ಬ ಮಗಳನ್ನ ಇಟ್ಟಿದ್ದರೇನ್ರೀ?" ಎಂದು ಕೇಳಿ, "ಆ ಅಣ್ಣನ ಹತ್ತಿರ ಹೋಗಿ ಒಂದು ಮಾತು ತಪ್ಪಾಯ್ತು ಅಂದರೆ ನಿಮ್ಮ ಬೆರಳೇನೂ ಇನ್ನಷ್ಟು ಊದಲ್ಲ" ಎಂದಳು.

ರಾಜ್ಯೋತ್ಸವ ಬಂತು. ನಮ್ಮ ಕಾರ್ಯದರ್ಶಿ ರುಬೀನಾ ದಾವಣಗೆರೆಯ ಹುಡುಗಿ, ನೋಯ್ಡಾದಲ್ಲಿ ಕಂಪ್ಯೂಟರ್ ಕೆಲಸ. ಆ ವರ್ಷ ಕವಾಯತು ಕಲಿಸುವ ಸುಬೇದಾರರಿಗೆ ಸನ್ಮಾನ ಎಂದು ಸಮಿತಿ ಗೊತ್ತುಮಾಡಿತ್ತು. ರುಬೀನಾ ಸನ್ಮಾನ ಪತ್ರ ಹಿಡಿದುಕೊಂಡು ನನ್ನಲ್ಲಿಗೆ ಬಂದಳು.

"ಅಂಕಲ್, ಇದರಲ್ಲಿ ಹೆಸರು ಖಾಲಿ ಇದೆ. ಬೇಲನ್ ಅಂಕಲ್‌ದು ನಿಜವಾದ ಹೆಸರು ಏನು? ಗ್ರೂಪಲ್ಲೆಲ್ಲ ಕೇಳಿದೆ, ಯಾರಿಗೂ ಗೊತ್ತಿಲ್ಲ. ನನ್ನ ಫೋನಲ್ಲೂ ಬೇಲನ್ ಅಂಕಲ್ ಅಂತಲೇ ಇದೆ. ನೀವೇ ಅಲ್ವಾ ಆ ಹೆಸರಿಟ್ಟಿದ್ದು?"

ಅವಳ ಮಾತಿನಲ್ಲಿ ಕುಹಕವಿರಲಿಲ್ಲ, ಅದೇ ಕಷ್ಟವಾಯಿತು. ಊರಿನವರ ಹೆಸರನ್ನೆಲ್ಲ ಅಂದವಾಗಿ ಬರೆದು ಹೊಗಳಿಸಿಕೊಂಡ ನಾನು, ಒಬ್ಬರ ಹೆಸರನ್ನು ಅಳಿಸಿಯೇ ಹಾಕಿದ್ದೆ. ಅದೂ ಒಂದೇ ಸಾಲಿನ ಜೋಕಿನಲ್ಲಿ. ನನಗೆ ಹೆಸರು ಗೊತ್ತಿತ್ತು. ಪೆನ್ನಿಗೆ ಹೊಟ್ಟೆ ತುಂಬ ಶಾಯಿ ಹಾಕಿಕೊಂಡು ಕೂತು ಬರೆದೆ. ಅಗಲ ನಿಬ್ಬಿನಲ್ಲಿ ಅಕ್ಷರಗಳು ಕವಾಯತಿಗೆ ನಿಂತ ಮಕ್ಕಳ ಹಾಗೆ ಎದೆಯೆತ್ತಿ ನಿಂತವು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಏನನ್ನೂ ಬರೆದಿಲ್ಲ.

ಸನ್ಮಾನದ ದಿನ ಅವರು ಆ ಪತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು, ಕನ್ನಡಕ ಹಾಕಿಕೊಂಡು ನೋಡಿದರು. ಶಾಲು, ಹಣ್ಣಿನ ಬುಟ್ಟಿಯ ಸಮೇತ ವೇದಿಕೆಯಿಂದ ಇಳಿದು ನೇರವಾಗಿ ನನ್ನ ಬಳಿಗೇ ಬಂದರು. ಈಗ ಹೇಳಿಬಿಡುತ್ತೇನೆ ಎಂದು ನಾನು ಎದ್ದು ನಿಂತೆ. ಅವರೇ ಮೊದಲು ಬಾಯಿ ತೆರೆದರು.

"ಅಕ್ಷರ ಭಾರಿ ಚೆನ್ನಾಗಿ ಬಂದಿದೆ. ನಾನು ಹೇಳಿದೆ ಅಂತ ರಾಮಚಂದ್ರರಿಗೆ ತಿಳಿಸಿ."

"ತಿಳಿಸ್ತೀನಿ" ಎಂದೆ. ನಾಲಿಗೆಗೆ ಬಂದದ್ದು ಅಷ್ಟೇ. ಅವರು ನನ್ನ ಗೆಣ್ಣನ್ನು ನೋವಾಗದಂತೆ ಹಿಡಿದು ಕೈ ಕುಲುಕಿ ಹೋದರು.

ಈಗಲೂ ಭಾನುವಾರಗಳಲ್ಲಿ ನನ್ನ ಕಣ್ಣು ಮೊದಲು ಹೋಗುವುದು ಅವರ ಜೇಬಿನ ಕಡೆಗೆ. ಕನ್ನಡಕದ ಡಬ್ಬಿಯೇ ಇರುತ್ತದೆ. ನನ್ನ ಜೇಬಿನಲ್ಲಿ ಮಾತ್ರ ಹಸಿರು ಅಲೆಯ ದಪ್ಪ ಪೆನ್ನು ರಾಜಾರೋಷವಾಗಿ ನಿಂತಿರುತ್ತದೆ, ಯಾರೂ ನಗುವುದಿಲ್ಲ. ನಗಿಸುತ್ತಿದ್ದವನ ಜೇಬೇ ಅದು. ಅವರು ವಾರವಾರವೂ ಷಡ್ಡಕರ ಆರೋಗ್ಯ ವಿಚಾರಿಸುತ್ತಾರೆ, ನಾನು ವಾರವಾರವೂ ಸುಧಾರಿಸಿದ್ದಾರೆ ಎನ್ನುತ್ತೇನೆ. ಇಷ್ಟು ಪುಟವನ್ನೂ ಆ ಪೆನ್ನಿನಲ್ಲೇ ಬರೆದೆ, ಕೈ ನೋಯಲಿಲ್ಲ. ಆದರೂ ಸರೋಜ ಹೇಳಿದ್ದ ಆ ಒಂದು ಮಾತಿನ ಹತ್ತಿರ ಬಂದಾಗಲೆಲ್ಲ ಶಾಯಿ ತುಂಬುವ ನೆಪದಲ್ಲಿ ಎದ್ದು ಹೋಗಿದ್ದೇನೆ. ಅದು ಬರುವವರೆಗೆ ಸದ್ಯಕ್ಕೆ ಇಷ್ಟು: ನನಗೆ ಷಡ್ಡಕರು ಯಾರೂ ಇಲ್ಲ, ಸುಬೇದಾರ್ ಮಾಚಯ್ಯನವರೇ.