ಮಾವನ ದನಿಗೊಂದು ಪ್ರೀಆಂಪ್

ಹೆಂಡತಿ ಐಶ್ವರ್ಯ ಓಣಿಯ ಹೆಂಗಸರ ಮುಂದೆ ‘ನಮ್ಮ ಅಪ್ಪಾರ ಹಾಡು ರೆಕಾರ್ಡ್ ಆಗೇತಿ’ ಎಂದು ಹೇಳದೇ ಇದ್ದಿದ್ದರೆ, ಸಂಜೀವಕುಮಾರನ ಆ ಭಾನುವಾರ ಉಪ್ಪಿಟ್ಟು ತಿಂದು ಮಲಗಿ ಏಳುವುದರಲ್ಲೇ ಸುಖವಾಗಿ ಕಳೆದುಹೋಗುತ್ತಿತ್ತು.

ಸಿಂದಗಿ ಬಸ್ ನಿಲ್ದಾಣದ ಹತ್ತಿರ ಅವನದೊಂದು ಚಷ್ಮಾದ ಅಂಗಡಿ. ಮಾವ ಗುರುಲಿಂಗಪ್ಪ ಹೋದ ವರ್ಷ ತೀರಿಕೊಂಡಿದ್ದರು. ಹಲಸಂಗಿಯ ಮನೆಯ ಅಟ್ಟದಲ್ಲಿ ಸಿಕ್ಕ ಹಳೆಯ ಗ್ರಾಮಾಫೋನ್ ತಟ್ಟೆಯೊಂದನ್ನು ಅತ್ತೆ ಗುರವ್ವ ಮಗಳಿಗೆ ಕಳಿಸಿದ್ದರು. ಊರಿನ ಭಜನಾ ಮೇಳ ಯಾವುದೋ ಕಾಲದಲ್ಲಿ ಮುಂಬಯಿಗೆ ಹೋಗಿ ಹಾಡಿದ್ದರ ರೆಕಾರ್ಡ್ ಅದು. ಅಪ್ಪ ಮೇಳದ ಸಂಗಡ ಹೋಗಿದ್ದರೆಂದು ಐಶ್ವರ್ಯಳಿಗೆ ಗೊತ್ತಿತ್ತು. ಅಷ್ಟು ದೂರ ಹೋದವರು ಹಾಡದೇ ಬರುತ್ತಾರೆಯೇ? ಇವತ್ತು ಮಧ್ಯಾಹ್ನದ ಬಸ್ಸಿಗೆ ಗುರವ್ವ ಗಂಡನ ದನಿ ಕೇಳಲು ಬರುವವರಿದ್ದರು. ಇಡೀ ಓಣಿಗೂ ಕರೆ ಹೋಗಿತ್ತು.

ಸಂಜೀವಕುಮಾರ ಅದಕ್ಕೆಂದೇ ಒಂದು ರೆಕಾರ್ಡ್ ಪ್ಲೇಯರ್ ತರಿಸಿ, ಬೆಳಿಗ್ಗೆ ಮನೆಯ ಆಂಪ್ಲಿಫೈಯರಿಗೆ ಜೋಡಿಸಿ, ಮುಳ್ಳು ಇಟ್ಟ. ಶೀಸೆಯಲ್ಲಿ ಸಿಕ್ಕ ಸೊಳ್ಳೆಯಂಥ ದನಿ ಬಂತು.

“ಇದs ನೋಡ್ರಿ ಅಪ್ಪಾರ ದನಿ!” ಎಂದಳು ಐಶ್ವರ್ಯ.

“ಎಲ್ಲೈತಿ ದನಿ? ಮೊಬೈಲ್ ಹಚ್ಚಿದ್ರ ಗುಡುಗಿದಂಗ ಬರತೈತಿ, ಈ ತಟ್ಟಿಗೇನ್ ಧಾಡಿ ಆಗೇತಿ?”

ಎದುರು ಮನೆಯ ಮುತ್ತುರಾಜ ಕೇಳಿಸಿಕೊಂಡೇ ಒಳಗೆ ಬಂದ. ಕಾಲೇಜಿನಲ್ಲಿ ಇತಿಹಾಸ ಹೇಳುವವನಾದರೂ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಅವನಿಗೆ ಬಾರದ ವಿದ್ಯೆಯೇ ಉಳಿದಿರಲಿಲ್ಲ.

“ಸಂಜೀವಣ್ಣ, ನಿಮಗ ಪ್ರೀಆಂಪ್ ಬೇಕರಿ. ತಟ್ಟಿ ಮ್ಯಾಲಿಂದ ಬರೂ ದನಿ ಹಸಗೂಸಿದ್ದಂಗ. ಮೊದಲ ಪ್ರೀಆಂಪ್ ಹಾಲು ಕುಡಿಸಿ ಬೆಳಸಬೇಕು, ಆಮ್ಯಾಲೆ ಆಂಪ್ಲಿಫೈಯರ್ ಅನ್ನೂ ಗರಡಿಮನಿಗೆ ಕಳಸಬೇಕು.”

“ಏನೂ ಬ್ಯಾಡ್ರಿ!” ಎಂದು ಕಿಟಕಿಯಿಂದ ಇನ್ನೊಂದು ದನಿ. ಮೈಕ್‌ಸೆಟ್ಟಿನ ದಸ್ತಗೀರಸಾಬ. ಸುತ್ತಲಿನ ಮದುವೆಗಳಿಗೆಲ್ಲ ಅವನದೇ ಹಾರ್ನು. “ಪ್ರೀ ಇಲ್ಲ, ಗೀ ಇಲ್ಲ. ನನ್ನ ಆಂಪ್ಲಿಫೈಯರ್ ಹಚ್ಚಿದ್ರ ಭೀಮಾ ನದಿ ಆಚಿ ದಂಡಿಗೆ ಕೇಳತೈತಿ. ತಡೀರಿ, ತರ್ತೇನಿ.”

ಬೇಡವೆನ್ನುವಷ್ಟರಲ್ಲಿ ಹಾರ್ನು ಮಾಳಿಗೆ ಏರಿತ್ತು. ದಸ್ತಗೀರಸಾಬ ಮೈಕಿನಲ್ಲಿ ‘ಹಲೋ, ಹಲೋ’ ಎಂದು ನೋಡಿ, ಮೈಕನ್ನು ಹಾಗೇ ಟೇಬಲ್ಲಿನ ಮೇಲಿಟ್ಟು, ವೈರು ಜೋಡಿಸಿ, ಗುಂಡಿ ತಿರುಗಿಸಿದ. ಸಕ್ಕರೆ ಕಾರ್ಖಾನೆಯ ಭೋಂಗಾ ಊದಿದಂತೆ ‘ಭೂಂ...’ ಎಂದಿತು. ಕಟ್ಟಿದ ಎಮ್ಮೆಯೊಂದು ಗೂಟ ಕಿತ್ತುಕೊಂಡು ಬಜಾರದ ದಾರಿ ಹಿಡಿಯಿತು. ದಸ್ತಗೀರಸಾಬ ಗಾಬರಿಯಾಗಿ ತಟ್ಟೆಯ ವೈರು ಕಿತ್ತ.

ಸಂಜೀವಕುಮಾರ ತಲೆ ಹಿಡಿದು ಟೇಬಲ್ಲಿಗೆ ಒರಗಿದ. “ಏನ್ ಹೇಳಲಿ ಮುತ್ತುರಾಜ. ಈ ಮಾವನೋರು ಇದ್ದಾಗ ನನ್ನ ಸಂಗಡ ಒಂದ ಮಾತ ಆಡಲಿಲ್ಲ. ಸತ್ತ ಮ್ಯಾಲೆ ಬಾಯಿ ಬಿಡಸೂ ಕೆಲಸ ನನ್ನ ಕೊರಳಿಗೆ ಬಿತ್ತು ನೋಡು.”

ಮೈಕು ಚಾಲೂ ಇತ್ತು. ಮಾತು ಮಾಳಿಗೆಯ ಮೇಲಿಂದ ಹೊರಟು ಓಣಿಯನ್ನೆಲ್ಲ ಸುತ್ತಿತು. ತರಕಾರಿ ಮಾರುವವಳು ತಕ್ಕಡಿ ಎತ್ತಿ ಹಿಡಿದೇ ನಿಂತಳು. ಐಶ್ವರ್ಯ ಅಡುಗೆಮನೆಯಿಂದ ಲಟ್ಟಣಿಗೆಯ ಸಮೇತ ಹೊರಗೆ ಬಂದಳು.

“ನಮ್ಮ ಅವ್ವ ಬರೂದ್ರಾಗ ಅಪ್ಪಾರ ದನಿ ಕೇಳಬೇಕು. ಇಲ್ಲಂದ್ರ ನಾ ಅವ್ವನ ಸಂಗಡ ಹಲಸಂಗಿ ಬಸ್ ಹತ್ತತೇನಿ. ನಿಮಗ ನಾ ಬೇಕಿದ್ರ ನೋಡ್ರಿ.”

ಆಲಮೇಲದ ಮೋದಿನಸಾಬರ ಹತ್ತಿರ ಒಂದು ಪ್ರೀಆಂಪ್ ಇದೆಯೆಂದು ಮುತ್ತುರಾಜನಿಗೆ ನೆನಪಾಯಿತು. ಸಂಜೀವಕುಮಾರ ಬೈಕ್ ಹತ್ತಿದ. ಮೋದಿನಸಾಬರು ಮನೆಯಲ್ಲಿರಲಿಲ್ಲ, ಕಬ್ಬಿಗೆ ನೀರು ಬಿಡಲು ಹೋಗಿದ್ದರು. ಹೊಲಕ್ಕೆ ಹೋಗಿ ಕೂಗಿದರೆ ಕಬ್ಬಿನೊಳಗಿಂದ ‘ಓ’ ಎನ್ನುತ್ತಾರೆ, ಕಾಣಿಸುವುದಿಲ್ಲ. ‘ಓ’ ಬಂದ ಕಡೆಗೆಲ್ಲ ನುಗ್ಗಿ ಅವರನ್ನು ಹಿಡಿಯುವ ಹೊತ್ತಿಗೆ ಒಂದು ಚಪ್ಪಲಿ ಕೆಸರಿನ ಪಾಲಾಗಿ, ಕಬ್ಬಿನ ಗರಿ ಗೀರಿದ ಮುಖ ಬೆಕ್ಕಿನ ಸಂಗಡ ಕುಸ್ತಿ ಹಿಡಿದವನಂತಾಗಿತ್ತು. ಅವರು ನೀರು ಕಟ್ಟಿ, ಮನೆಗೆ ಕರೆದೊಯ್ದು, ಊಟ ಹಾಕದೆ ಬಿಡಲಿಲ್ಲ. ಕೊನೆಗೆ ಕೊಟ್ಟದ್ದು ಸಾಬೂನಿನ ಪೆಟ್ಟಿಗೆಯಷ್ಟು ಪುಟ್ಟ ಕರಿ ಡಬ್ಬಿ.

“ಇಷ್ಟs ಏನ್ರಿ?”

“ಸಣ್ಣದೈತಿ ಅನಬ್ಯಾಡ್ರಿ. ಇರೂದೆಲ್ಲಾ ಹೊರಗ ಹಾಕತೈತಿ” ಎಂದರು ಮೋದಿನಸಾಬರು.

ಮನೆಗೆ ಮುಟ್ಟಿದಾಗ ಓಣಿಯೇ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿತ್ತು. ನಡುವೆ ಗುರವ್ವ, ಸೆರಗು ಹೊದ್ದು, ತಟ್ಟೆಯನ್ನೇ ನೋಡುತ್ತ ಕೂತಿದ್ದರು. ಸಂಜೀವಕುಮಾರ ಒಂದೇ ಚಪ್ಪಲಿಯಲ್ಲಿ ಒಳಗೆ ಬಂದು, ಡಬ್ಬಿ ಜೋಡಿಸಿ, ಮುಳ್ಳು ಇಟ್ಟ.

ತುಂಬು ಗಂಟಲಿನ ಹಾಡು ಮನೆಯನ್ನೆಲ್ಲ ತುಂಬಿತು! ತಾಳ, ದಮ್ಮಡಿ, ಎಲ್ಲವೂ ಎದುರಿಗೇ ಕೂತು ನುಡಿಸಿದಂತೆ. ಜನ ತಲೆದೂಗಿದರು. ದಸ್ತಗೀರಸಾಬ ಕೂಡ ಸೋತೆನೆಂದು ಕೈಮುಗಿದ. ಐಶ್ವರ್ಯಳ ಕಣ್ಣು ತುಂಬಿ ಬಂದವು.

“ಎಂಥಾ ಗಂಟಲಲ್ಲಬೇ ಯವ್ವಾ, ಅಪ್ಪಾರದು!”

ಗುರವ್ವ ತಲೆಯಾಡಿಸಿದರು. “ಇದು ಅವರದಲ್ಲವಾ. ಸಿದ್ಧರಾಮಂದು, ಮ್ಯಾಳದ ಮುಖಂಡಂದು.”

ಬಾಯಿಗೆ ಹೋಗುತ್ತಿದ್ದ ಚಹಾದ ಬಸಿಗಳು ಅಲ್ಲಲ್ಲೇ ನಿಂತವು.

“ಹಂಗಾರ ಹಿಂದ ದನಿಗೂಡಿಸಿ ಸೂರು ಹಿಡಿದವ್ರು ಅಪ್ಪಾರಾ?”

“ಅವರಿಗೆ ಎಲ್ಲೀ ಸೂರು?”

“ತಾಳಾ?”

“ತಾಳ ಕೊಟ್ಟಿದ್ರ ಮ್ಯಾಳ ಉಳೀತಿತ್ತೇನ? ಹಾರ್ಮೋನಿಯಂ ಪೇಟಿ ಹೊರಾಕ ಆಳು ಸಿಗಲಿಲ್ಲಂತ ಇವರನ್ನ ಕರಕೊಂಡ ಹೋಗಿದ್ರು. ಇದರಾಗ ಅವರ ದನಿ ಎಲ್ಲೈತೋ ಅಂತ ನಾನೂ...”

ಅಷ್ಟರಲ್ಲಿ ಹಾಡಿನ ಚರಣ ಮುಗಿದು ಒಂದು ಗಳಿಗೆ ಮೌನವಾಯಿತು. ಆ ಮೌನದ ನಡುವೆ, ದೂರದ ಮೂಲೆಯಿಂದ ಎನ್ನುವಂತೆ, ಸ್ವಚ್ಛವಾಗಿ ಕೇಳಿಸಿತು: “ಕೊಹ್... ಕೊಹ್... ಖೊಹ್ಹೋ!”

ಗುರವ್ವ ಎದ್ದೇ ನಿಂತರು. “ಬಂದ್ರು! ನಮ್ಮವರು ಬಂದ್ರು! ಹೊಲದಿಂದ ಬಂದ್ರ ನನ್ನ ಹೆಸರ ಹಿಡಿದು ಕರೀತಿರಲಿಲ್ಲ, ಬಾಗಲದಾಗ ನಿಂತು ಹಿಂಗs ಕೆಮ್ಮತಿದ್ರು!” ಎಂದು ಸೆರಗು ಬಾಯಿಗಿಟ್ಟು ಅಳತೊಡಗಿದರು, ಅಳುತ್ತಲೇ ನಕ್ಕರು.

ಮುತ್ತುರಾಜ ಮೆಲ್ಲಗೆ, “ಪ್ರೀಆಂಪ್ ಇಲ್ಲಂದ್ರ ಈ ಕೆಮ್ಮು ಕೇಳತಿತ್ತೇನ್ರಿ?” ಎಂದ. ಹೆಂಗಸರು ಐಶ್ವರ್ಯಳ ಮುಖ ನೋಡದೆ, ನಗು ತಡೆಯುತ್ತ ಒಬ್ಬೊಬ್ಬರಾಗಿ ಎದ್ದರು.

ಐಶ್ವರ್ಯ ಗಂಡನನ್ನು ಅಡುಗೆಮನೆಗೆ ಎಳೆದಳು. “ಸೊಳ್ಳಿ ದನಿ ಇದ್ದಾಗ ನಮ್ಮ ಅಪ್ಪಾರು ಹಾಡತಿದ್ರು. ನೀವು ಡಬ್ಬಿ ತಂದು ಪೇಟಿ ಹೊರಸಿದ್ರಿ! ಈಗಿಂದೀಗ ತಗೀರಿ ಅದನ್ನ. ಇಲ್ಲಂದ್ರ ನಾ ಹಲಸಂಗಿಗೆ ಹೋಗತೇನಿ!”

“ನೀ ಹೋಗವಾ, ಆ ಮನಿ ಖಾಲಿನs ಐತಿ” ಎಂದು ಪಡಸಾಲೆಯಿಂದ ಗುರವ್ವನ ದನಿ ಬಂತು. “ನಾ ಇನ್ನ ಇಲ್ಲೇ ಇರ್ತೇನಿ. ಅಳಿಯಂದ್ರs, ದನಿ ಇನ್ನಷ್ಟು ಏರಸ್ರಿ. ಅವರನ್ನ ಇನ್ನೊಮ್ಮೆ ಕೆಮ್ಮಸ್ರಿ!”